ಮಡ್‌ಗಾರ್ಡ್ ಕೆಳಗೆ ನಾಲ್ಕು ಬೆರಳು

ಕಳೆದ ಭಾನುವಾರ ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಂತಿದ್ದೆವು. ಪಕ್ಕದಲ್ಲೇ ಬೇರೆ ಯಾವುದೋ ಗುಂಪಿನ ಮೂರು ಹೊಸ ಸ್ಕ್ರ್ಯಾಂಬ್ಲರ್‌ಗಳು, ಅಂದರೆ ಮಣ್ಣಿನ ದಾರಿಗೂ ಹೋಗುವ ರೂಪದ ಬೈಕುಗಳು. ಒಂದು ರಾಯಲ್ ಎನ್‌ಫೀಲ್ಡ್ ಬೇರ್ 650. ಒಂದು ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್. ಇನ್ನೊಂದು ಅದರ ತಮ್ಮ, ಹಳದಿ ಬಣ್ಣದ 400 ಎಕ್ಸ್‌ಸಿ. ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವಷ್ಟರಲ್ಲಿ ನಮ್ಮಲ್ಲಿ ವಾದ ಶುರುವಾಗಿತ್ತು.

ಒಬ್ಬ ಹೇಳಿದ, ಬೇರ್‌ನ ಟ್ಯಾಂಕ್ ನೋಡಿದ್ರೆ ಕಣ್ಣು ಕೀಳೋಕೇ ಆಗಲ್ಲ, ಆದ್ರೆ ಎರಡು ಸಿಲಿಂಡರ್ ಇರೋ ಗಾಡಿಗೆ ಒಂದೇ ಸೈಲೆನ್ಸರ್ ಯಾಕೆ ಕೊಟ್ರು, ಎಡಗಡೆಯಿಂದ ನೋಡಿದ್ರೆ ಬೋಳು ಅನ್ನಿಸುತ್ತೆ ಅಂತ. ಇನ್ನೊಬ್ಬನಿಗೆ ಎಕ್ಸ್‌ನ ಅಲಾಯ್ ಚಕ್ರ, ಅಂದರೆ ಸ್ಪೋಕ್ ಇಲ್ಲದ ಎರಕದ ಚಕ್ರ, ಕಂಡರೆ ಆಗುವುದಿಲ್ಲ. ಅಲಾಯ್ ಹಾಕಿಕೊಂಡು ಸ್ಕ್ರ್ಯಾಂಬ್ಲರ್ ಅಂತ ಹೆಸರು ಬರೆಸಿಕೊಂಡರೆ ಹೇಗೆ ಅನ್ನುವುದು ಅವನ ತಕರಾರು. ಮೂರನೆಯವನು ಹಿಂದಿನ ನಂಬರ್ ಪ್ಲೇಟ್ ಸ್ಟ್ಯಾಂಡ್ ನೋಡಿ, ಬಾತುಕೋಳಿ ಬಾಲ ಇದ್ದ ಹಾಗಿದೆ, ಮೊದಲು ಇದನ್ನ ಕಿತ್ತುಹಾಕಬೇಕು ಅಂದ. ಸೀರೆ ಗಾರ್ಡ್ ಬಗ್ಗೆ ಎಲ್ಲರದೂ ಒಂದೇ ಮಾತು. ಶೋರೂಂನಲ್ಲೇ ಬಿಚ್ಚಿಸಿ ಬರಬೇಕಂತೆ.

ನಾನು ಜಾಸ್ತಿ ಮಾತಾಡಲಿಲ್ಲ. ಇಡ್ಲಿ ತಿಂದು ಕೈ ತೊಳೆದು ಹೋಗಿ, ಮಾಲೀಕರನ್ನು ಕೇಳಿ, ಮೂರೂ ಗಾಡಿಗಳ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಇಟ್ಟು ನೋಡಿದೆ. ಯಾಕೆ ಹಾಗೆ ಮಾಡಿದೆ ಅಂತ ಗುಂಪಿನವರು ಕೇಳಿದರು. ಅಲ್ಲಿ ನಿಂತು ಹೇಳುವಷ್ಟು ಸಣ್ಣ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರದ ಕಡೆ. ಎರಡು ವರ್ಷದ ಹಿಂದೆ ಜೂನ್ ಕೊನೆಯಲ್ಲಿ, ಗೆಳೆಯನ ಹೊಸ ಗಾಡಿ ತೆಗೆದುಕೊಂಡು ಹೆತ್ತೂರಿನ ಆಚೆ ಇರುವ ನೆಂಟರ ತೋಟಕ್ಕೆ ಹೋಗಿದ್ದೆ. ಅದೂ ಸ್ಕ್ರ್ಯಾಂಬ್ಲರ್ ಹೆಸರಿನದ್ದೇ. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಮೂರು ದಿನದಿಂದ ಹಿಡಿದ ಮಳೆ. ಟಾರು ಮುಗಿದ ಮೇಲೆ ತೋಟಕ್ಕೆ ಸುಮಾರು ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಮ್ಮ ಕಡೆಯ ಕೆಮ್ಮಣ್ಣು ಗೊತ್ತಿರುವವರಿಗೆ ಗೊತ್ತು. ಅದು ಕೆಸರಲ್ಲ, ಹಸಿ ಹಿಟ್ಟು. ಟೈರಿಗೆ ಅಂಟಿದರೆ ಬಿಡುವುದಿಲ್ಲ. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಭಾರವಾಯಿತು. ಆಮೇಲೆ ತಿರುಗುವುದೇ ನಿಂತಿತು. ಹಿಂದಿನ ಚಕ್ರ ತಳ್ಳುತ್ತಿದೆ, ಮುಂದಿನದು ಉಳುಮೆ ಮಾಡುತ್ತಿದೆ. ಗಾಡಿ ಮೆಲ್ಲಗೆ ಬಲಕ್ಕೆ ವಾಲಿ ಚರಂಡಿಗೆ ಒರಗಿತು. ನನಗೇನೂ ಆಗಲಿಲ್ಲ.

ಬಗ್ಗಿ ನೋಡಿದರೆ ಮಡ್‌ಗಾರ್ಡ್ ಒಳಗೆ ಮಣ್ಣು ಇಟ್ಟಿಗೆಯ ಹಾಗೆ ಕಟ್ಟಿಕೊಂಡಿತ್ತು. ಕಾಫಿ ಗಿಡದ ಒಣ ಕಡ್ಡಿ ಮುರಿದು ಒಳಗೆ ತುರುಕಿದೆ. ಹೋಗಲೇ ಇಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅವರು ಜೀಪಿನಲ್ಲಿ ಬಂದರು. ಮೊದಲು ನನ್ನನ್ನು ನೋಡಿದರು, ಆಮೇಲೆ ಗಾಡಿ. ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಬೆರಳು ಇಟ್ಟರು. ಒಂದು ಬೆರಳೂ ಒಳಗೆ ಹೋಗಲಿಲ್ಲ. "ನಮ್ಮ ಯೆಜ್ಡಿಗೆ ನಾಲ್ಕು ಬೆರಳು ಜಾಗ ಬಿಡಿಸಿದ್ದೆ" ಅಂದರು. ಅಷ್ಟೇ ಹೇಳಿದ್ದು. ಆಮೇಲೆ ಇಬ್ಬರೂ ಸೇರಿ ಮಡ್‌ಗಾರ್ಡಿನ ಬೋಲ್ಟ್ ಬಿಚ್ಚಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆವು.

ಆ ಗಾಡಿಯ ಟೈರ್ ಮಾತ್ರ ನೋಡಲು ಭಾರಿ ಜೋರಾಗಿತ್ತು. ದಪ್ಪ ದಪ್ಪ ಬ್ಲಾಕು. ಮಣ್ಣಿಗೆ ಹೋಗುವ ಟೈರಿನ ಚಿತ್ರ ಅದು. ಆ ಟೈರ್ ಎತ್ತಿಕೊಂಡ ಮಣ್ಣು ಹೊರಗೆ ಹೋಗಲು ಜಾಗ ಬಿಡುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಹೊಸ ಸ್ಕ್ರ್ಯಾಂಬ್ಲರ್‌ಗಳ ಅಂದಚೆಂದದ ಬಗ್ಗೆ ನನ್ನ ತಕರಾರು ಇಷ್ಟೇ. ಈ ಜಾತಿಯ ಗಾಡಿಗೆ ರೂಪ ಬಂದಿದ್ದೇ ಕೆಲಸದಿಂದ. 1924ರಲ್ಲಿ ಇಂಗ್ಲೆಂಡಿನ ಸರೆ ಜಿಲ್ಲೆಯ ಕ್ಯಾಂಬರ್ಲಿಯಲ್ಲಿ ಗುಡ್ಡ, ಹಳ್ಳ, ಮಣ್ಣಿನ ಮೇಲೆ ಒಂದು ಓಟ ಇಟ್ಟರು. ಅದನ್ನೇ ಸ್ಕ್ರ್ಯಾಂಬಲ್ ಅಂದರು. ಅಂಥ ಓಟಗಳಿಗೆ ಬೇರೆ ಗಾಡಿ ಅಂತ ಇರಲಿಲ್ಲ. ದಿನಾ ಓಡಿಸುವ ಗಾಡಿಯನ್ನೇ ಜನ ಬಿಚ್ಚಿ, ಬಗ್ಗಿಸಿ ಸರಿ ಮಾಡಿಕೊಂಡರು. ಕಲ್ಲಿಗೆ ಬಡಿಯಬಾರದು, ನೀರು ನುಗ್ಗಬಾರದು ಅಂತ ಸೈಲೆನ್ಸರ್ ಮೇಲೆತ್ತಿದರು. ನಿಂತು ಓಡಿಸುವಾಗ ಹಿಡಿತ ಸಿಗಲಿ ಅಂತ ಹ್ಯಾಂಡಲ್ ಅಗಲ ಮಾಡಿದರು. ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ ಜಾರಲು ಅನುಕೂಲವಾಗಲಿ ಅಂತ ಸೀಟು ಚಪ್ಪಟೆಯಾಯಿತು. ಬೇಡದ್ದೆಲ್ಲ ಕಿತ್ತು ಹಗುರ ಮಾಡಿದರು. ಪಕ್ಕದ ಬಿಳಿ ಪ್ಲೇಟು ಓಟದ ನಂಬರು ಬರೆಯಲು ಇದ್ದದ್ದು. ಯಾವುದನ್ನೂ ಸುಮ್ನೆ ಚೆಂದಕ್ಕೆ ಮಾಡಿದ್ದಲ್ಲ. ಆದರೂ ಎಲ್ಲ ಸೇರಿ ಚೆಂದ ಕಂಡಿತು. ಇವತ್ತಿಗೂ ಕಾಣುತ್ತಿದೆ.

ಆಮೇಲೆ ಕಂಪನಿಗಳೇ ಇದನ್ನು ಮಾಡಿ ಮಾರಲು ಶುರು ಮಾಡಿದವು. ಡುಕಾಟಿ 1962ರಲ್ಲಿ ಅಮೆರಿಕದ ಮಾರುಕಟ್ಟೆಗೆ ಅಂತಲೇ ಸ್ಕ್ರ್ಯಾಂಬ್ಲರ್ ತಂದಿತು. ಮೋಟೋಕ್ರಾಸ್ ಅನ್ನುವ ಮಣ್ಣಿನ ಓಟಕ್ಕೆ ಬೇರೆಯದೇ ಗಾಡಿ ಬಂದ ಮೇಲೆ ಈ ಜಾತಿ ಹಿಂದಕ್ಕೆ ಸರಿಯಿತು. 2006ರಲ್ಲಿ ಟ್ರಯಂಫ್, 2014ರಲ್ಲಿ ಮತ್ತೆ ಡುಕಾಟಿ, ಹಳೇ ರೂಪಕ್ಕೆ ಜೀವ ಕೊಟ್ಟವು. ನಮ್ಮ ಕಡೆ ಇದು ಕೈಗೆಟುಕುವ ದರದಲ್ಲಿ ಸಿಕ್ಕಿದ್ದು ಈಚೆಗೆ. 2022ರ ಜನವರಿಯಲ್ಲಿ ಹೊಸ ಯೆಜ್ಡಿ ಸ್ಕ್ರ್ಯಾಂಬ್ಲರ್, ಮಾರ್ಚ್‌ನಲ್ಲಿ ರಾಯಲ್ ಎನ್‌ಫೀಲ್ಡ್‌ನ ಸ್ಕ್ರ್ಯಾಮ್ 411. 2023ರ ಅಕ್ಟೋಬರ್‌ನಲ್ಲಿ 400 ಎಕ್ಸ್. 2024ರ ನವೆಂಬರ್‌ನಲ್ಲಿ ಬೇರ್ 650. 2025ರ ಮೇನಲ್ಲಿ ಎಕ್ಸ್‌ಸಿ.

ಈಗ ಬಿಡದಿಯ ಮೂರು ಗಾಡಿಗೆ ಬರುತ್ತೇನೆ.

ಬೇರ್ ನನಗೆ ನಿಜಕ್ಕೂ ಇಷ್ಟ. ಎಂಜಿನ್ನಿನ ಮೇಲಿರುವ ರೆಕ್ಕೆಗಳು ಅಲ್ಲಿ ನಿಜವಾಗಿ ಕೆಲಸ ಮಾಡುತ್ತವೆ. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಎಂಜಿನ್ ಅದು. ಟ್ರಯಂಫ್ 400 ಎಂಜಿನ್‌ಗೆ ನೀರಿನ ರೇಡಿಯೇಟರ್ ಇದೆ, ಆದರೂ ಹಳೇ ಕಾಲದ ನೋಟಕ್ಕೆ ಅಂತ ರೆಕ್ಕೆ ಕೊಟ್ಟಿದ್ದಾರೆ. ಒಂದೇ ಸೈಲೆನ್ಸರ್ ಬಗ್ಗೆ ನನ್ನ ಗೆಳೆಯನ ಮಾತು ಒಪ್ಪುವುದಿಲ್ಲ. ಎರಡು ಕೊಳವೆ ಒಂದಾಗಿದ್ದರಿಂದ ತೂಕ ಇಳಿದಿದೆ. ಅದೇ ಕಂಪನಿಯ ಇಂಟರ್‌ಸೆಪ್ಟರ್‌ನಲ್ಲಿ 52.3 ನ್ಯೂಟನ್ ಮೀಟರ್ ಇದ್ದ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಇಲ್ಲಿ 56.5 ಆಗಿದೆ. ಸ್ಕ್ರ್ಯಾಂಬ್ಲರ್ ಮಾಡುವವನು ಹಿಂದಿನಿಂದಲೂ ಮಾಡಿದ್ದು ಅದನ್ನೇ, ಬೇಡದ್ದನ್ನು ಕಿತ್ತು ಹಾಕುವುದು. ಎಡಗಡೆ ಬೋಳು ಕಂಡರೆ ಕಾಣಲಿ ಬಿಡಿ.

ಬೇರ್‌ಗೆ 249 ಅನ್ನುವ ಹೆಸರಿನ ಒಂದು ಬಣ್ಣ ಇದೆ, ಅದರ ಕಥೆಯೂ ಚೆನ್ನಾಗಿದೆ. 1960ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ರನ್ ಅನ್ನುವ ಮರುಭೂಮಿ ಓಟವನ್ನು ಎಡ್ಡಿ ಮಲ್ಡರ್ ಅನ್ನುವ 16 ವರ್ಷದ ಹುಡುಗ ರಾಯಲ್ ಎನ್‌ಫೀಲ್ಡ್ ಮೇಲೆ ಗೆದ್ದ. ಅವನ ನಂಬರು ಅದು. ಗಾಡಿಗೆ ಬೇರ್ ಅಂತ ಹೆಸರು ಬಂದಿದ್ದೂ ಆ ಓಟದಿಂದಲೇ. ಆ ಹುಡುಗನ ಗಾಡಿ ಮರಳು, ಕಲ್ಲು ದಾಟಿ ಗೆದ್ದಿತು. ಅವನ ನಂಬರು ಹಾಕಿಕೊಂಡ ಇವತ್ತಿನ ಗಾಡಿಯ ಹಿಂದಿನ ಸಸ್ಪೆನ್ಶನ್ ಬಗ್ಗುವುದು 115 ಮಿಲಿಮೀಟರ್. ಮುಂದೆ 130. ತೂಕ 200 ಕೆ.ಜಿ.ಗೂ ಮೇಲೆ. ನಮ್ಮ ಬಿಸ್ಲೆ ರಸ್ತೆಯ ಹೊಂಡ ಇದನ್ನು ಒಪ್ಪುವುದು ಕಷ್ಟ. ಆ ನಂಬರನ್ನು ಪ್ರೀತಿಯಿಂದ ಹಾಕಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಇನ್ನೆರಡು ಇಂಚು ಸಸ್ಪೆನ್ಶನ್ ಕೊಟ್ಟಿದ್ದರೆ ಆ ಹುಡುಗನಿಗೆ ಇನ್ನೂ ದೊಡ್ಡ ಮರ್ಯಾದೆ ಆಗುತ್ತಿತ್ತು.

ಇನ್ನು ಸ್ಪೋಕ್ ಚಕ್ರ. ಹೆಚ್ಚಿನವರು ಸ್ಪೋಕ್ ಬೇಕು ಅನ್ನುವುದು ನೋಟಕ್ಕೆ. ನನಗೂ ನೋಟ ಇಷ್ಟ, ಆದರೆ ಸ್ಪೋಕ್ ಬೇಕಾಗುವುದು ಕಲ್ಲಿಗೆ ಬಡಿದಾಗ. ಅಲಾಯ್ ಜೋರಾಗಿ ಬಡಿದರೆ ಸೀಳುತ್ತದೆ. ಸ್ಪೋಕ್ ಚಕ್ರದ ರಿಮ್ಮು ಬಗ್ಗುತ್ತದೆ, ಬಗ್ಗಿದ್ದನ್ನು ಊರಿನ ಮೆಕ್ಯಾನಿಕ್ಕೇ ಬಿಗಿ ಮಾಡಿ ಸರಿ ಮಾಡುತ್ತಾನೆ. ಸ್ಪೋಕಿನ ದೋಷ ಅಂದರೆ ಟ್ಯೂಬು. ಬೇರ್‌ಗೆ ಟ್ಯೂಬ್ ಇದೆ. ಶಿರಾಡಿ ಘಾಟಿಯ ನಡುವೆ ಪಂಕ್ಚರ್ ಆಗಿ, ಮಳೆಯಲ್ಲಿ ಚಕ್ರ ಬಿಚ್ಚಿ ಕೂತವರಿಗೆ ಇದರ ಕಷ್ಟ ಗೊತ್ತು. ಎಕ್ಸ್‌ಸಿಯಲ್ಲಿ ಟ್ಯೂಬ್‌ಲೆಸ್ ಸ್ಪೋಕ್ ಕೊಟ್ಟಿದ್ದಾರೆ. ನೋಟವೂ ಬಂತು, ಕೆಲಸವೂ ಬಂತು. ಜೊತೆಗೆ ಮುಂದಿನ ಮಡ್‌ಗಾರ್ಡ್ ಮೇಲೆತ್ತಿದ್ದಾರೆ, ಎಂಜಿನ್ ಕೆಳಗೆ ಅಲ್ಯೂಮಿನಿಯಂ ತಟ್ಟೆ ಇಟ್ಟಿದ್ದಾರೆ. ಎಕ್ಸ್ ಬಂದಾಗ ಶೋರೂಂ ದರ 2.63 ಲಕ್ಷ ಇತ್ತು. ಎಕ್ಸ್‌ಸಿ 2.94 ಲಕ್ಷಕ್ಕೆ ಬಂತು. ಆ ವ್ಯತ್ಯಾಸ ಬರಿ ಬಣ್ಣಕ್ಕೆ ಕೊಟ್ಟದ್ದಲ್ಲ. ಅದಕ್ಕೇ ನನಗೆ ಅದು ದುಬಾರಿ ಅನ್ನಿಸುವುದಿಲ್ಲ.

ಎಕ್ಸ್‌ನಲ್ಲಿ ನನಗೆ ಇಷ್ಟವಾದದ್ದು ಕೈಗಾರ್ಡ್. ಬೆಂಗಳೂರಿನಲ್ಲಿ ಅದನ್ನು ನೋಡಿ ಶೋಕಿ ಅನ್ನುತ್ತಾರೆ. ತೋಟದ ದಾರಿಯಲ್ಲಿ ಎರಡೂ ಕಡೆಯಿಂದ ಲಂಟಾನ ಚಾಚಿರುತ್ತದೆ. ಅದರ ಮುಳ್ಳು ಬೆರಳ ಗೆಣ್ಣಿಗೆ ಗೀರಿದ ಮೇಲೆ ಶೋಕಿ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಎತ್ತರದ ಸೈಲೆನ್ಸರ್ ಇಲ್ಲ ಅನ್ನುವುದು ಹಳೇ ತಲೆಗಳ ದೊಡ್ಡ ದೂರು. ನನ್ನ ಮನಸ್ಸೂ ಆ ಕಡೆಗೇ. ಆದರೆ 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತುಂಬಾ ಬಿಸಿಯಾಗುತ್ತದೆ. ಅದನ್ನು ತೊಡೆಯ ಪಕ್ಕ ಇಟ್ಟುಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲಲು ಆಗುತ್ತದಾ? ಟ್ರಯಂಫ್‌ನ ದೊಡ್ಡ 1200ರಲ್ಲಿ ಬಲಗಡೆ ಎತ್ತರದ ಜೋಡಿ ಕೊಳವೆ ಇವೆ, ನೋಡಲು ಕಣ್ಣಿಗೆ ಹಬ್ಬ. ಆದರೆ ಬಲಗಾಲಿಗೆ ಬಿಸಿ ತಟ್ಟುತ್ತದೆ ಅಂತ ಓಡಿಸಿದವರು ಹೇಳುತ್ತಲೇ ಇರುತ್ತಾರೆ. ಸೈಲೆನ್ಸರ್ ವಿಷಯದಲ್ಲಿ ನಾನು ಕಂಪನಿಗಳ ಜೊತೆ ಜಗಳ ಆಡುವುದಿಲ್ಲ.

ಮನೆಯಲ್ಲಿರುವ ಯೆಜ್ಡಿಯ ವಿಷಯ ಹೇಳಲೇಬೇಕು. ಅಪ್ಪ ಅದನ್ನು ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ನಮ್ಮದೇ ರಾಜ್ಯದಲ್ಲಿ, ನಮ್ಮದೇ ಜನ ಮಾಡಿದ ಗಾಡಿ ಅದು. ಅದರಲ್ಲಿ ನನಗೆ ಚಿಕ್ಕಂದಿನಿಂದಲೂ ಬೆರಗು ಹುಟ್ಟಿಸಿದ್ದು ಎಡಗಡೆಯ ಆ ಒಂದು ಲಿವರ್. ಗೇರ್ ಹಾಕುವುದೂ ಅದೇ, ಕಿಕ್ ಹೊಡೆಯುವುದೂ ಅದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಕೆಳಗಿಳಿಸಿದರೆ ಗೇರ್ ಲಿವರ್. ಅಪ್ಪ ಪಾದದ ಬದಿಯಿಂದಲೇ ಅದನ್ನು ತಿರುಗಿಸುತ್ತಿದ್ದರು. ಟಕ್ ಅಂತ ಒಂದು ಸದ್ದು. ಆ ಲಿವರಿನ ತುದಿಯ ರಬ್ಬರು ಸವೆದು ಸವೆದು ಒಂದು ಕಡೆ ಕಬ್ಬಿಣ ಕಾಣುತ್ತದೆ. ಅಪ್ಪನ ಬೂಟು ತಾಗುತ್ತಿದ್ದ ಕಡೆ.

ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಮಲೆನಾಡಿನ ಮಣ್ಣು ಒಳಗೆ ಹೋಗುವುದೇ ಇಲ್ಲ. ಇವತ್ತು ಯಾವ ಸ್ಕ್ರ್ಯಾಂಬ್ಲರ್‌ನ ಚೈನ್ ನೋಡಿ, ಒಂದು ಮಳೆಯ ದಿನ ಕಳೆದರೆ ಮರಳು ಕಡಿಯುವ ಸದ್ದು. ಟ್ಯಾಂಕಿನ ಎರಡೂ ಬದಿಗೆ ರಬ್ಬರ್ ಪ್ಯಾಡು. ಮಂಡಿ ಒತ್ತಿ ಹಿಡಿದರೆ ಗಾಡಿ ಮೈಗೆ ಅಂಟುತ್ತದೆ. ಮುಂದಿನ ಮಡ್‌ಗಾರ್ಡನ್ನು ಅಪ್ಪ ಸಕಲೇಶಪುರದ ಒಬ್ಬ ವೆಲ್ಡರ್ ಹತ್ತಿರ ಪಟ್ಟಿ ಹಾಕಿಸಿ ಎತ್ತಿಸಿದರು. ಸ್ಕ್ರ್ಯಾಂಬ್ಲರ್ ಅನ್ನುವ ಪದ ಅವರು ಆಗ ಕೇಳಿಯೇ ಇರಲಿಲ್ಲ. ತೋಟಕ್ಕೆ ಹೋಗಬೇಕಿತ್ತು, ಎತ್ತಿಸಿದರು. ಕ್ಯಾಂಬರ್ಲಿಯ ಜನ ಮಾಡಿದ್ದು ಇದನ್ನೇ ಅಲ್ವಾ?

ಇವತ್ತು ನೀವು ಹಾಗೆ ಮಾಡಲು ಹೋದರೆ ಕಾನೂನಿನ ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೊ ನೀವೂ ನೋಡಿರುತ್ತೀರಿ. ಅದು ಸರಿಯೇ, ರಾತ್ರಿ ಹನ್ನೊಂದಕ್ಕೆ ಮಗು ಎದ್ದು ಅಳುವಂತೆ ಸದ್ದು ಮಾಡುವವರ ಪರ ನಾನು ಮಾತಾಡುವುದಿಲ್ಲ. ಆದರೆ ಒಂದು ಮಾತು. ಹಿಂದೆ ಸವಾರನೇ ತನ್ನ ದಾರಿಗೆ ತಕ್ಕಂತೆ ಗಾಡಿ ರೂಪಿಸಿಕೊಳ್ಳುತ್ತಿದ್ದ. ಈಗ ಆ ಕೆಲಸ ಪೂರ್ತಿ ಕಂಪನಿಯ ಡಿಸೈನರ್ ಕೈಯಲ್ಲಿದೆ. ಹಾಗಾಗಿ ಅವರು ನಮ್ಮ ದಾರಿ ನೋಡಲೇಬೇಕು.

ನಮ್ಮ ದಾರಿ ಅಂದರೆ ಬರಿ ಮಣ್ಣಲ್ಲ. ಹಿಂದೆ ಕೂರುವ ಜನರೂ ಸೇರಿ. ಬಿಡದಿಯಲ್ಲಿ ಎಲ್ಲರೂ ಬಿಚ್ಚಿ ಎಸೆಯಬೇಕು ಅಂದ ಸೀರೆ ಗಾರ್ಡ್ ಬಗ್ಗೆ ನನಗೆ ತುಂಬಾ ಹೇಳುವುದಿದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಪಕ್ಕದ ಮನೆಯವರ ಗಾಡಿಯಲ್ಲಿ ಜಾತ್ರೆಗೆ ಹೊರಟಿದ್ದರು. ಅಪ್ಪ ಊರಲ್ಲಿ ಇರಲಿಲ್ಲ. ಆ ಗಾಡಿಯ ಸೀರೆ ಗಾರ್ಡ್ ತೆಗೆದಿದ್ದರು, ಕಾಲೇಜು ಹುಡುಗನ ಗಾಡಿ. ಮನೆಯ ಗೇಟು ದಾಟಿ ಇಪ್ಪತ್ತು ಅಡಿ ಹೋಗಿರಬಹುದು. ಅಮ್ಮನ ಸೀರೆಯ ಅಂಚು ಸ್ಪೋಕಿಗೆ ಸಿಕ್ಕಿತು. ಗಾಡಿ ನಿಧಾನಕ್ಕಿದ್ದದ್ದು ನಮ್ಮ ಪುಣ್ಯ. ಅಮ್ಮ ಹಿಂದಕ್ಕೆ ಬಿದ್ದರು. ಎದ್ದು ಬಿಡಿಸಿಕೊಳ್ಳಲು ಆಗಲಿಲ್ಲ, ಸೀರೆ ಹಗ್ಗದ ಹಾಗೆ ಚಕ್ರದ ನಡುವಿನ ಹಬ್‌ಗೆ ಸುತ್ತಿತ್ತು. ಅಜ್ಜಿ ಒಳಗಿನಿಂದ ಕುಡುಗೋಲು ತಂದು ಸೀರೆ ಕತ್ತರಿಸಿದರು. ಹಸಿರು ಬಣ್ಣದ ಸೀರೆ. ಅಂಚಿನ ಒಂದು ತುಂಡು ಎಷ್ಟೋ ದಿನ ಆ ಚಕ್ರದ ನಡುವೆಯೇ ಇತ್ತು, ಗ್ರೀಸಿನಲ್ಲಿ ಕಪ್ಪಾಗಿ.

ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಬೇಕು ಅಂತ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಕಂಪನಿಗಳು ಏನು ಮಾಡುತ್ತವೆ? ಗಾಡಿಯ ಚಿತ್ರ ಎಲ್ಲ ಬರೆದು ಮುಗಿಸಿ, ಕೊನೆಗೆ ಒಂದು ಕಪ್ಪು ಜಾಲರಿಯನ್ನು ನಾಲ್ಕು ಬೋಲ್ಟ್ ಹಾಕಿ ಸಿಕ್ಕಿಸುತ್ತವೆ. ಜಾಹೀರಾತಿನ ಫೋಟೊದಲ್ಲಿ ಅದು ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ಹಾಗೆ ಸಿಕ್ಕಿಸಿದ್ದು ಚೆಂದ ಹೇಗೆ ಕಾಣಬೇಕು? ಸವಾರರು ಕೀಳುತ್ತಾರೆ. ತಪ್ಪು ಇಬ್ಬರದೂ ಇದೆ. ಆದರೆ ಶುರುವಾಗುವುದು ಡಿಸೈನರ್ ಮೇಜಿನ ಮೇಲೆ.

ಹೆಡ್‌ಲೈಟಿಗೆ ಜಾಲರಿ ಕೊಟ್ಟರೆ ಅದನ್ನು ಸ್ಟೈಲು ಅಂತೀವಿ. ಎಂಜಿನ್ ಸುತ್ತ ಕಬ್ಬಿಣದ ಕೊಳವೆ ಕೊಟ್ಟರೂ ಸ್ಟೈಲು ಅಂತೀವಿ. ಮನುಷ್ಯರನ್ನು ಕಾಯುವ ಜಾಲರಿ ಮಾತ್ರ ಅಸಹ್ಯ ಹೇಗಾಯಿತು? ಎರಡು ಕೊಳವೆಯನ್ನು ಚೆನ್ನಾಗಿ ಬಗ್ಗಿಸಿ, ಗಾಡಿಯ ಬಣ್ಣವನ್ನೇ ಬಳಿದು, ಅದಕ್ಕೆ ಒಂದು ಚೀಲ ತೂಗುಹಾಕುವ ಕೊಕ್ಕೆ ಕೊಡಿ. ಒಂದೇ ಭಾಗ ಸೀರೆಯನ್ನೂ ಕಾಯುತ್ತದೆ, ತೋಟದಿಂದ ತರುವ ನಿಂಬೆಹಣ್ಣಿನ ಚೀಲವನ್ನೂ ಹೊರುತ್ತದೆ. ಸ್ಕ್ರ್ಯಾಂಬ್ಲರ್‌ನ ಮೈಗೆ ಅದು ಒಪ್ಪುತ್ತದೆ. ಪಕ್ಕಕ್ಕೆ ಚೀಲ ತೂಗುಹಾಕಿಕೊಂಡ ಸ್ಕ್ರ್ಯಾಂಬ್ಲರ್ ಚಿತ್ರಗಳನ್ನು ಕಂಪನಿಗಳೇ ಹಾಕುತ್ತವಲ್ಲ. ಒಂದು ಕಂಪನಿ ಇದನ್ನು ಮನಸ್ಸಿಟ್ಟು ಮಾಡಿದರೆ ಸಾಕು, ಯಾರೂ ಬಿಚ್ಚುವುದಿಲ್ಲ.

ಎತ್ತರದ ಮಾತೂ ಇದೆ. ಬೇರ್ ಸೀಟು 830 ಮಿಲಿಮೀಟರ್, 400 ಎಕ್ಸ್ 835. ನನ್ನ ತಂಗಿ 5 ಅಡಿ 2 ಇಂಚು. ಗಾಡಿ ಚೆನ್ನಾಗಿ ಓಡಿಸುತ್ತಾಳೆ, ಮೂಡಿಗೆರೆಯಿಂದ ಬೆಂಗಳೂರಿಗೆ ಒಬ್ಬಳೇ ಬಂದಿದ್ದಾಳೆ. ಶೋರೂಂನಲ್ಲಿ ಕೂತಾಗ ಎರಡೂ ಕಾಲಿನ ಹೆಬ್ಬೆರಳು ಮಾತ್ರ ನೆಲ ಮುಟ್ಟಿತು. ಸೀಟಿನ ಮುಂಭಾಗದ ಅಗಲ ಎರಡು ಇಂಚು ಕಡಿಮೆ ಮಾಡಿದರೆ ತೊಡೆ ಹತ್ತಿರ ಬಂದು ಕಾಲು ಕೆಳಗೆ ಎಟುಕುತ್ತದೆ. ಎತ್ತರದ ಗಾಡಿ ನೋಡಲು ಗಂಭೀರವಾಗಿ ಕಾಣುತ್ತದೆ, ನಿಜ. ಜಾರುವ ಮಣ್ಣಿನಲ್ಲಿ ಕಾಲು ಊರಲು ಆಗದವರಿಗೆ ಆ ಗಂಭೀರ ನೋಟದಿಂದ ಉಪಯೋಗ ಇಲ್ಲ.

ನಂಬರ್ ಪ್ಲೇಟ್ ಸ್ಟ್ಯಾಂಡ್ ಬಗ್ಗೆ ಗೆಳೆಯ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಬಾತುಕೋಳಿ ಬಾಲವೇ ಅದು. ಆದರೆ ಮಳೆಯಲ್ಲಿ ಹಿಂದೆ ಬರುವವನ ಮುಖಕ್ಕೆ ರಾಡಿ ಹಾರದಂತೆ ತಡೆಯುವುದೂ ಅದೇ. ಇನ್ನೂ ಚೆನ್ನಾಗಿ ಮಾಡಬಹುದು ಅಂತ ಕೇಳೋಣ, ಕೀಳುವುದು ಬೇಡ.

ಈ ದೀಪಾವಳಿಗೆ ಅಪ್ಪನಿಗೆ ಅಂತ ಒಂದು ಗಾಡಿ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇನೆ. ಯೆಜ್ಡಿಯ ಕಿಕ್ ಹೊಡೆಯಲು ಅವರ ಮಂಡಿ ಈಗ ಒಪ್ಪುತ್ತಿಲ್ಲ. ಅವರು ತೋಟಕ್ಕೆ ಹೋಗುವುದನ್ನೂ ಬಿಟ್ಟಿಲ್ಲ. ಬಿಡದಿಯಲ್ಲಿ ನಾನು ಬೆರಳಿಟ್ಟು ನೋಡಿದಾಗ ಎಕ್ಸ್‌ಸಿಯಲ್ಲೇ ಜಾಗ ಜಾಸ್ತಿ ಇತ್ತು. ನನ್ನ ಮನಸ್ಸು ಅದರ ಕಡೆಗಿದೆ. ಆದರೆ ಒಣ ರಸ್ತೆಯಲ್ಲಿ ತೊಳೆದು ನಿಲ್ಲಿಸಿದ ಗಾಡಿ ಅದು.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಇದನ್ನು ಇಟ್ಟುಕೊಂಡವರು ಇದ್ದರೆ ದಯವಿಟ್ಟು ಹೇಳಿ. ಮೂರು ದಿನ ಮಳೆ ಹಿಡಿದ ಮೇಲೆ ಮಣ್ಣಿನ ದಾರಿಯಲ್ಲಿ ಓಡಿಸಿ, ತೊಳೆಯುವುದಕ್ಕೆ ಮುಂಚೆ ಮುಂದಿನ ಚಕ್ರದ ಒಂದು ಫೋಟೊ ತೆಗೆದು ಕಾಮೆಂಟಿನಲ್ಲಿ ಹಾಕಿ. ಆ ಸಂದಿಗೆ ನಿಮ್ಮ ಬೆರಳು ಎಷ್ಟು ಹೋಗುತ್ತದೆ ಅಂತಲೂ ಬರೆಯಿರಿ. ಅಪ್ಪನಿಗೆ ತೋರಿಸಬೇಕು.